ರೆಫ್ರಿಗೆ ಕೇಳಿಸದ ಹುಲಿಗೆವ್ವ

ಕಬಡ್ಡಿಗೆ ಕಾಲು ಮಾತ್ರ ಸಾಲದು, ಬಾಯಿಯೂ ಬೇಕು. ಎದುರಿನವರ ಅಂಕಣಕ್ಕೆ ನುಗ್ಗುವವಳು ಗೆರೆ ದಾಟುವ ಮುಂಚೆಯೇ ‘ಕಬಡ್ಡಿ ಕಬಡ್ಡಿ’ ಎಂದು ಶುರುಮಾಡಬೇಕು, ತಿರುಗಿ ಗೆರೆ ಮುಟ್ಟುವವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಲೇ ಇರಬೇಕು, ಅದು ರೆಫ್ರಿಯ ಕಿವಿಗೆ ಬೀಳಬೇಕು. ಬೀಳದಿದ್ದರೆ ಸೀಟಿ. ಏಳು ಜನರನ್ನೂ ಮುಟ್ಟಿ ಬಂದರೂ ಲೆಕ್ಕಕ್ಕಿಲ್ಲ, ಮೇಲಿಂದ ಎದುರಿನವರಿಗೆ ಒಂದು ಅಂಕ. ಹುಲಿಗೆವ್ವನ ಓದು ನಿಂತದ್ದು ಈ ನಿಯಮದಿಂದ ಎಂದು ಕೆಲವರು ಹೇಳುತ್ತಾರೆ. ನಿಯಮದ ತಪ್ಪು ಏನಿಲ್ಲ. ಸೀಟಿ ಊದುವ ಎಷ್ಟೋ ವರ್ಷ ಮುಂಚೆಯೇ ಅವಳ ಬಾಯಿಯನ್ನು ಬೇರೆಯವರು ಹೊಲಿದು ಮುಗಿಸಿದ್ದರು.

ಅವಳು ಕುಷ್ಟಗಿ ಕಡೆಯವಳು. ಅಪ್ಪ ಗುರಲಿಂಗಪ್ಪ ಗೌಂಡಿ, ಅವ್ವ ಅವನ ಕೈಗೆ ಕಲ್ಲು, ಗಾರೆ ಎತ್ತಿಕೊಡುವವಳು. ತೊಂಬತ್ತೇಳರಲ್ಲಿ ಮಣಿಪಾಲದ ಗುಡ್ಡದ ಮೇಲೆ ಸಾಲು ಸಾಲು ಕಟ್ಟಡ ಏಳುತ್ತಿದ್ದಾಗ ಇವರ ಗ್ಯಾಂಗು ಬಂದು ಇಳಿಯಿತು. ಕಟ್ಟುವ ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ಸ್ನಾನಕ್ಕೆ ನಾಲ್ಕು ಗೂಟ, ಸುತ್ತ ಟಾರ್ಪಾಲು, ಮೇಲೆ ಏನೂ ಇಲ್ಲ. ಮೂರನೇ ಮಹಡಿಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರಿಗೆ ಎಲ್ಲವೂ ಕಾಣುತ್ತಿತ್ತು. ಹುಡುಗಿ ಬಟ್ಟೆ ತೊಟ್ಟುಕೊಂಡೇ ಮೀಯುವುದನ್ನು ಕಲಿತಳು. ನಾಚಿಕೆ ಹುಟ್ಟುಗುಣ ಎನ್ನುವವರು ಒಂದು ವಾರ ಆ ಟಾರ್ಪಾಲಿನೊಳಗೆ ಮಿಂದು ನೋಡಬೇಕು.

ಒಂಬತ್ತು ವರ್ಷದವಳನ್ನು ಸರಕಾರಿ ಶಾಲೆಯ ನಾಲ್ಕನೇ ಕ್ಲಾಸಿಗೆ ಸೇರಿಸಿದರು. ಮೊದಲ ದಿನವೇ ಟೀಚರು ಎಬ್ಬಿಸಿ ನಿಲ್ಲಿಸಿದರು.

‘ನಿನ್ನ ಅಪ್ಪ ಎಂತ ಕೆಲಸ ಮಾಡುದು?’

‘ನಮ್ಮಪ್ಪ ಗೌಂಡಿ ಅದಾನ್ರಿ.’

ಕ್ಲಾಸು ಗೊಳ್ಳೆಂದಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. ‘ಅದಾನ್ರಿ’ ಎಂಬುದು ಮಧ್ಯಾಹ್ನದೊಳಗೆ ಅವಳ ಹೆಸರೇ ಆಗಿಹೋಯಿತು. ನಕ್ಕ ಆ ಮಕ್ಕಳ ಮನೆಯಲ್ಲಿ ಇದ್ದದ್ದು ತುಳು. ಕನ್ನಡವನ್ನು ಅವರು ಪುಸ್ತಕ ಹಿಡಿದು ಕಲಿತವರು. ಕಲಿತವರು ಆ ಭಾಷೆಯಲ್ಲೇ ಹುಟ್ಟಿದವಳಿಗೆ ನಕ್ಕರು. ಅಂದಿನಿಂದ ಹುಲಿಗೆವ್ವ ಶಾಲೆಯಲ್ಲಿ ಮಾತು ಕಡಿಮೆ ಮಾಡಿದಳು. ಐದನೇ ಕ್ಲಾಸಿಗೆ ಬರುವಾಗ ಹೌದು, ಇಲ್ಲ ಎರಡೇ ಉಳಿದಿದ್ದವು. ಏಳಕ್ಕೆ ಬರುವಾಗ ಅವೂ ಹೋಗಿ ಬರಿಯ ತಲೆ ಅಲ್ಲಾಡಿಸುವುದು ಉಳಿಯಿತು. ಹಾಜರಿ ಕರೆದಾಗ ಪಕ್ಕದಲ್ಲಿ ಕೂತ ಬೇಬಿಯೇ ಇವಳ ಪರವಾಗಿ ‘ಬಂದಿದ್ದಾಳೆ ಟೀಚರ್’ ಎನ್ನುತ್ತಿದ್ದಳು.

ಬೇಬಿ ಬೀಡಿ ಕಟ್ಟುವ ಅಪ್ಪಿಯಕ್ಕನ ಮಗಳು. ಗಂಡನಿಲ್ಲದ ಅಪ್ಪಿಯಕ್ಕ ಎರಡು ಕೋಣೆಯ ಮನೆಯಲ್ಲಿ ಮಗಳನ್ನು ಸಾಕಿದವಳು. ಬೇಬಿಗೆ ನಾಲಿಗೆಯೂ ಉದ್ದ, ಕೈಯೂ ಉದ್ದ. ಹೈಸ್ಕೂಲಿನ ಹುಡುಗಿಯರ ಕಬಡ್ಡಿ ತಂಡಕ್ಕೆ ಅವಳೇ ಕ್ಯಾಪ್ಟನ್ನು. ಎಂಟನೇ ಕ್ಲಾಸಿನಲ್ಲಿ ಆ ತಂಡಕ್ಕೆ ಆರೇ ಜನ ಸಿಕ್ಕಿದ್ದರು, ಏಳನೆಯವಳು ಬೇಕಿತ್ತು. ಚಡ್ಡಿ ಹಾಕಿ ಆಡುವುದಕ್ಕೆ ಮನೆಗಳಲ್ಲಿ ಬಿಡುತ್ತಿರಲಿಲ್ಲ. ಪಿ.ಟಿ. ಮಾಸ್ಟ್ರು ತಾರಾನಾಥರು ಮೈದಾನದ ಬದಿಯಲ್ಲಿ ನಿಂತಿದ್ದ ಹುಲಿಗೆವ್ವನ ಹೆಗಲು ನೋಡಿದರು. ರಜೆಯಲ್ಲಿ ಜಲ್ಲಿ ಹೊತ್ತು ಗಟ್ಟಿಯಾದ ಹೆಗಲು.

‘ನೀನು ಬಾ. ಆಡ್ತೀಯಲ್ಲ?’

ಇಲ್ಲ ಎನ್ನುವುದಕ್ಕೂ ಬಾಯಿ ಬೇಕಲ್ಲ. ಹೋದಳು.

ಆ ತಂಡದಲ್ಲಿ ಹೆದರಿಕೆ ಇವಳೊಬ್ಬಳಿಗೇ ಇತ್ತು ಎಂದುಕೊಳ್ಳಬಾರದು. ಮೈದಾನದ ಕಾಂಪೌಂಡಿನ ಮೇಲೆ ಹುಡುಗರು ಸಾಲಾಗಿ ಕೂರುತ್ತಿದ್ದರು. ತನ್ವಿ ಎಂಬವಳು ಪ್ರತಿ ಆಟಕ್ಕೆ ಮುಂಚೆ ನೀರಿನ ನಳ್ಳಿಯ ಹತ್ತಿರ ಹೋಗಿ ವಾಂತಿ ಮಾಡಿ ಬರುತ್ತಿದ್ದಳು. ಇನ್ನೊಬ್ಬಳು ಒಂದು ಕೈಯಲ್ಲಿ ಚಡ್ಡಿಯನ್ನು ಮೊಣಕಾಲಿಗೆ ಎಳೆಯುತ್ತಲೇ ಆಡುತ್ತಿದ್ದಳು. ಒಂದೇ ಕೈಯಲ್ಲಿ ಯಾರನ್ನು ಹಿಡಿಯುವುದು? ಮುಟ್ಟಾದ ದಿನ ಹೊಟ್ಟೆನೋವು ಎಂದು ಮಾಸ್ಟ್ರಿಗೆ ಹೇಳಲಾರದೆ ಕಾಲು ಉಳುಕಿದೆ ಎಂದು ಕುಂಟುವವರಿದ್ದರು. ತಾರಾನಾಥರು ಒಳ್ಳೆಯವರು, ಸ್ವಂತ ಖರ್ಚಿನಲ್ಲಿ ಮಕ್ಕಳಿಗೆ ಅವಲಕ್ಕಿ, ಬಾಳೆಹಣ್ಣು ಕೊಡಿಸುವವರು. ಆದರೆ ಇದೆಲ್ಲ ಅವರ ತಲೆಗೆ ಹೊಳೆಯುತ್ತಿರಲಿಲ್ಲ. ‘ನಾಚಿಕೆ ಎಲ್ಲ ಮನೆಯಲ್ಲಿ ಇಟ್ಟು ಬನ್ನಿ’ ಎನ್ನುತ್ತಿದ್ದರು, ಅದೇನೋ ಕೊಡೆ ಎಂಬಂತೆ.

ದಾರಿ ಕಂಡುಹಿಡಿದವಳು ಬೇಬಿ. ಶಾಲೆಯ ಹಿಂದೆ ಮುರಕಲ್ಲು ತೆಗೆದು ಬಿಟ್ಟ ಹಳೆಯ ಕೋರೆ ಇತ್ತು. ಎರಡಾಳು ಆಳ, ಸುತ್ತ ಕಡಿದ ಕೆಂಪು ಗೋಡೆ, ತಳ ಸಪಾಟು. ಮಳೆ ಬಿಟ್ಟರೆ ನೀರೆಲ್ಲ ಅಲ್ಲೇ ಇಂಗಿಹೋಗುತ್ತಿತ್ತು. ಮೇಲೆ ನಿಂತು ಬಗ್ಗಿ ನೋಡಿದರಷ್ಟೇ ಒಳಗಿದ್ದವರು ಕಾಣುತ್ತಿದ್ದದ್ದು. ಸಂಜೆ ಹುಡುಗಿಯರು ಅಲ್ಲಿ ಇಳಿದು ಆಡತೊಡಗಿದರು.

‘ಇಲ್ಲಿ ಯಾವ ನಾಯಿಯೂ ಇಲ್ಲ. ಬೊಬ್ಬೆ ಹಾಕು ಮಾರಾಯ್ತಿ’ ಎಂದಳು ಬೇಬಿ.

ಮೊದಲ ದಿನ ತುಟಿ ಅಲ್ಲಾಡಿತು. ನಾಲ್ಕನೇ ದಿನ ಸಣ್ಣ ಸ್ವರ. ತಿಂಗಳು ಕಳೆಯುವಾಗ ಹುಲಿಗೆವ್ವನ ‘ಕಬಡ್ಡಿ’ ಆ ಕಲ್ಲಿನ ಗೋಡೆಗೆ ಬಡಿದು ಎರಡು ಪಾಲಾಗಿ ವಾಪಸು ಬರುತ್ತಿತ್ತು. ಬಾಯಿ ಬಿಟ್ಟದ್ದೇ ಕಾಲಿನ ಬಿಗಿಯೂ ಬಿಟ್ಟಿತು. ಎಡಕ್ಕೆ ಬಾಗಿದಂತೆ ಮಾಡಿ ಬಲಗಾಲಿನಿಂದ ಮುಟ್ಟಿ ಹಾರುವುದು, ಹಿಡಿದವರನ್ನೂ ಎಳೆದುಕೊಂಡು ಗೆರೆಯವರೆಗೆ ಬರುವುದು, ಯಾರೂ ಕಲಿಸದೆ ಬಂತು. ಆಡುವಾಗ ಬೈಯುತ್ತಲೂ ಇದ್ದಳಂತೆ, ಅಚ್ಚ ಕುಷ್ಟಗಿ ಭಾಷೆಯಲ್ಲಿ. ‘ಹಿಡೀ ನೋಡೂಣು, ನಿಮ್ಮವ್ವನ ಹಾಲು ಕುಡದಿದ್ರ!’ ಹುಡುಗಿಯರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅಲ್ಲಿ ಆ ನಗು ಮುಳ್ಳಾಗಿರಲಿಲ್ಲ.

ಎರಡು ಸಾವಿರದ ಎರಡನೇ ಇಸವಿ, ಅವಳು ಒಂಬತ್ತನೇ ಕ್ಲಾಸು. ತಾಲೂಕು ಪಂದ್ಯ ಕಾಪುವಿನಲ್ಲಿ ಇತ್ತು. ಬೆಳಿಗ್ಗೆಯಿಂದ ಮಳೆ ಹೊಡೆದು ನೋಡುವವರು ಯಾರೂ ಬಂದಿರಲಿಲ್ಲ. ಸಮುದ್ರದ ಗಾಳಿಗೆ ಸೀಟಿಯೇ ಸರಿಯಾಗಿ ಕೇಳುತ್ತಿರಲಿಲ್ಲ. ರೆಫ್ರಿ ಎಡ್ಮಂಡ್ ಮಾಸ್ಟ್ರು ನಿವೃತ್ತಿಯ ಅಂಚಿನವರು. ಹುಲಿಗೆವ್ವನ ಸ್ವರ ಕೇಳಲಿಲ್ಲವೆಂದು ಎದುರು ತಂಡದವರು ಗಲಾಟೆ ಎಬ್ಬಿಸಿದರು.

‘ತುಟಿ ಅಲ್ಲಾಡ್ತಾ ಉಂಟಲ್ಲ, ಸಾಕು’ ಎಂದರು ಎಡ್ಮಂಡ್ ಮಾಸ್ಟ್ರು. ‘ಈ ಗಾಳಿಗೆ ನನ್ನ ಹೆಂಡತಿ ಬೊಬ್ಬೆ ಹಾಕಿದ್ರೂ ಕೇಳುದಿಲ್ಲ.’

ಹುಲಿಗೆವ್ವ ಒಬ್ಬಳೇ ಹದಿನೇಳು ಅಂಕ ತಂದಳು. ತಂಡ ಗೆದ್ದು ಕಾರ್ಕಳದ ಜಿಲ್ಲಾ ಪಂದ್ಯಕ್ಕೆ ಹೊರಟಿತು.

ಆ ವಾರವೇ ಗ್ಯಾಂಗಿನ ಮೇಸ್ತ್ರಿ ದೇಜಪ್ಪ ಶೆಡ್ಡಿಗೆ ಬಂದು, ದೀಪಾವಳಿ ಮುಗಿದ ಮೇಲೆ ಇಲ್ಲಿ ಕೆಲಸವಿಲ್ಲ, ಎಲ್ಲರೂ ಗೋವಾಕ್ಕೆ ಹೊರಡಬೇಕು ಎಂದು ಹೇಳಿಹೋದ. ಗೋವಾದಲ್ಲಿ ಕನ್ನಡ ಶಾಲೆ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ತುಂಬಿದ ಹುಡುಗಿಗೆ ಇನ್ನು ಜಲ್ಲಿ ಪುಟ್ಟಿ, ವರ್ಷದೊಳಗೆ ಮದುವೆ. ತಾರಾನಾಥರು ಸುದ್ದಿ ಕೇಳಿ ಓಡಿಬಂದರು.

‘ಗುರಲಿಂಗಪ್ಪ, ಕಾರ್ಕಳಕ್ಕೆ ಕ್ರೀಡಾ ಹಾಸ್ಟೆಲಿನ ಕೋಚ್ ಬರ್ತಾರೆ. ಇಬ್ಬರು ಹುಡುಗಿಯರನ್ನು ಆರಿಸ್ತಾರೆ. ಇವಳು ಆಯ್ಕೆ ಆದ್ರೆ ಊಟ, ವಸತಿ, ಓದು ಎಲ್ಲ ಸರಕಾರದ್ದೇ. ಬಿಡ್ತೀಯಾ?’

ಗುರಲಿಂಗಪ್ಪ ಬೀಡಿ ಆರಿಸಿದ. ‘ಹಾಸ್ಟೆಲ್ ಅಂದ್ರ ಬಿಡ್ತೀನ್ರೀ ಸರ್. ಗ್ವಾಡಿ ಐತಿ, ಬಾಗಲ ಐತಿ, ಕಾಯಾಕ ಮಂದಿ ಇರ್ತಾರ. ನಾ ಕಟ್ಟಿದ ಮನ್ಯಾಗ ಒಂದ್ರಾಗೂ ನನ್ನ ಮಗಳು ಮಲಗಿಲ್ಲ. ಹೋಗ್ಲಿ.’

ಅಲ್ಲಿಗೆ ಲೆಕ್ಕ ಸರಳವಾಯಿತು. ಕಾರ್ಕಳದಲ್ಲಿ ಆರಿಸಿದರೆ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ, ಇಲ್ಲದಿದ್ದರೆ ಲಾರಿ ಹತ್ತುತ್ತಾಳೆ.

ಕಾರ್ಕಳದ ರೆಫ್ರಿ ಬಹಳ ಕಟ್ಟುನಿಟ್ಟು ಎಂದು ತಾರಾನಾಥರಿಗೆ ಯಾರೋ ಹೇಳಿದರು. ಅವರಿಗೆ ದಿಗಿಲಾಯಿತು. ಅವರನ್ನು ಚಿಕ್ಕಂದಿನಲ್ಲಿ ಅವರ ಮಾವ ಬಾವಿಗೆ ದೂಡಿ ಈಜು ಕಲಿಸಿದ್ದನಂತೆ. ಆ ವಿದ್ಯೆಯನ್ನೇ ಇಲ್ಲಿಗೂ ತಂದರು. ಮರುದಿನ ಬೆಳಿಗ್ಗೆ ಅಸೆಂಬ್ಲಿ. ಪ್ರಾರ್ಥನೆ ಮುಗಿದಿತ್ತು. ನಾನೂರು ಮಕ್ಕಳು ಸಾಲಾಗಿ ನಿಂತಿದ್ದರು.

‘ಹುಲಿಗೆವ್ವ, ಇಲ್ಲಿ ಬಾ. ಮೈಕಿನಲ್ಲಿ ಐವತ್ತು ಸಲ ಕಬಡ್ಡಿ ಹೇಳು. ಇಲ್ಲಿ ಹೇಳಿದವಳು ಮತ್ತೆ ಎಲ್ಲಿ ಬೇಕಾದ್ರೂ ಹೇಳ್ಬಹುದು.’

ಬೇಬಿ ಸಾಲಿನಿಂದಲೇ ಕೂಗಿದಳು. ‘ಸರ್, ಬೇಡ ಸರ್, ಅವಳಿಗೆ ಹೀಗೆ ಆಗುದಿಲ್ಲ.’

‘ನೀನು ಸುಮ್ಮನೆ ನಿಲ್ಲು.’

ಹುಲಿಗೆವ್ವ ಮೈಕಿನ ಮುಂದೆ ನಿಂತಳು. ಲಂಗದ ಅಂಚು ಮುಷ್ಟಿಯಲ್ಲಿತ್ತು. ಬಾಯಿ ತೆರೆದಳು. ಮಾತು ಬರಲಿಲ್ಲ, ಉಸಿರು ಬಂತು. ಮೈಕು ಅದನ್ನೇ ಹಿಡಿದು ದೊಡ್ಡದು ಮಾಡಿತು. ಹ್ಹ, ಹ್ಹ, ಹ್ಹ ಎಂದು ಅಂಗಳದ ಮೇಲೆ, ರಸ್ತೆಯ ಮೇಲೆ, ಬಸ್ಸಿಗೆ ಕಾಯುವವರ ಮೇಲೆ ಅವಳ ಉಸಿರು ಹರಡಿತು. ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಮತ್ತೆ ನಾನೂರೂ ನಕ್ಕವು. ತಾರಾನಾಥರು ‘ಸೈಲೆನ್ಸ್!’ ಎಂದು ಗದರಿಸಿದರು. ಮೈಕಿನಲ್ಲಿ ಅದೂ ಸೇರಿಕೊಂಡು ಇನ್ನಷ್ಟು ತಮಾಷೆಯಾಯಿತು.

ಆಮೇಲೆ ಹತ್ತು ದಿನ ಹುಡುಗರು ಅವಳನ್ನು ಕಂಡಲ್ಲೆಲ್ಲ ಉಸಿರು ಬಿಟ್ಟರು. ವರಾಂಡದಲ್ಲಿ, ನಳ್ಳಿಯ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ. ಬೈದರೆ ಜಗಳವಾಡಬಹುದು, ಉಸಿರಾಡಿದರೆ ಯಾರಿಗೆ ದೂರು ಕೊಡುವುದು? ಕೋರೆಗೆ ಇಳಿದರೂ ಅವಳ ಸ್ವರ ಮೇಲೇಳಲಿಲ್ಲ. ಬೇಬಿ ಕಲ್ಲಿನ ಮೇಲೆ ಕೂತು ತಾರಾನಾಥರಿಗೆ ತುಳುವಿನಲ್ಲಿ ಬಾಯಿಗೆ ಬಂದದ್ದೆಲ್ಲ ಬೈದಳು. ಅದರಿಂದ ಏನೂ ಆಗಲಿಲ್ಲ.

ಕಾರ್ಕಳದ ಮೈದಾನದಲ್ಲಿ ಬಿಸಿಲೂ ಇತ್ತು, ಜನವೂ ಇದ್ದರು. ಅಂಕಣದ ನಾಲ್ಕೂ ಬದಿ ಹಗ್ಗ ಕಟ್ಟಿ, ಹಗ್ಗಕ್ಕೆ ಎದೆ ಒತ್ತಿ ಜನ ನಿಂತಿದ್ದರು. ಧ್ವನಿವರ್ಧಕದಲ್ಲಿ ಒಬ್ಬ ಪ್ರತಿ ಹುಡುಗಿಯ ಹೆಸರು ಕೂಗಿ ಏನಾದರೊಂದು ಸೇರಿಸುತ್ತಿದ್ದ. ಕುರ್ಚಿಯಲ್ಲಿ ಕೋಚ್ ಆನಿ ಮೇಡಂ, ಮೊಣಕಾಲಿನ ಮೇಲೆ ಪುಸ್ತಕ.

ಮೊದಲ ರೈಡು. ಹುಲಿಗೆವ್ವ ಗೆರೆ ದಾಟಿದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಸೀಟಿ. ರೆಫ್ರಿ ಕಿವಿ ತೋರಿಸಿ ವಾಪಸು ಹೋಗು ಎಂದರು. ಎದುರಿನವರಿಗೆ ಒಂದು ಅಂಕ.

ಎರಡನೇ ರೈಡಿಗೆ ಹೊರಡುವ ಮುಂಚೆ ಬೇಬಿ ಅವಳ ಕಿವಿಯಲ್ಲಿ, ‘ನನ್ನನ್ನು ಬೈ. ನನ್ನ ಅಮ್ಮನನ್ನು ಬೈ. ಒಟ್ಟು ಬಾಯಿ ಬಿಡು’ ಎಂದಳು. ಹುಲಿಗೆವ್ವ ತಲೆ ಆಡಿಸಿದಳು. ಹೋದಳು. ಮತ್ತೆ ಸೀಟಿ.

ಮೂರನೆಯದನ್ನು ಇವತ್ತಿಗೂ ನೋಡಿದವರು ಹೇಳುತ್ತಾರೆ. ನುಗ್ಗಿದವಳೇ ಎಡಮೂಲೆಯ ಹುಡುಗಿಯ ತೋಳು ತಟ್ಟಿದಳು, ತಿರುಗುವಾಗ ಕಾಲಿನಿಂದ ಇನ್ನೊಬ್ಬಳನ್ನು ಮುಟ್ಟಿದಳು, ಮೂರನೆಯವಳು ಸೊಂಟ ಹಿಡಿದಾಗ ಅವಳನ್ನೂ ಎಳೆದುಕೊಂಡು ಬಂದು ಕೈಚಾಚಿ ಗೆರೆ ಮುಟ್ಟಿದಳು. ಹಗ್ಗದಾಚೆಯ ಜನ ಕಿರುಚಿಕೊಂಡರು. ಆನಿ ಮೇಡಂ ಕುರ್ಚಿ ಬಿಟ್ಟು ಎದ್ದು ನಿಂತರು. ಅವಳು ಒಳಹೊಕ್ಕ ಕೂಡಲೇ ರೆಫ್ರಿ ಸೀಟಿ ಊದಿ ಆಗಿತ್ತು. ಗದ್ದಲದಲ್ಲಿ ಯಾರಿಗೂ ಕೇಳಿರಲಿಲ್ಲ.

ಬೇಬಿ ಓಡಿಹೋಗಿ ರೆಫ್ರಿಯ ಎದುರು ನಿಂತಳು. ‘ಸರ್, ಹೇಳಿದ್ದಾಳೆ ಸರ್! ನಾನು ಕೇಳಿದ್ದೇನೆ!’

‘ನಿನಗೆ ಕೇಳಿದ್ರೆ ಆಗುದಿಲ್ಲ ಮಗಾ. ನನಗೆ ಕೇಳ್ಬೇಕು.’

ಬೇಬಿ ಹೇಳಿದ್ದು ಸುಳ್ಳು. ಅವಳಿಗೂ ಕೇಳಿರಲಿಲ್ಲ.

ಆಟ ಮುಗಿದ ಮೇಲೆ ಆನಿ ಮೇಡಂ ತಾರಾನಾಥರನ್ನು ಬದಿಗೆ ಕರೆದರು. ‘ಇಂಥ ಕಾಲು ನಾನು ನೋಡ್ಲಿಲ್ಲ ಸರ್. ಆದ್ರೆ ಅಂಕಪಟ್ಟಿಯಲ್ಲಿ ಈ ಹುಡುಗಿಯದ್ದು ಸೊನ್ನೆ. ನಾನು ಎಂತ ಅಂತ ಬರೀಲಿ?’ ಅವರು ಬೇರೆ ಶಾಲೆಗಳ ಇಬ್ಬರ ಹೆಸರು ಬರೆದುಕೊಂಡು ಹೋದರು. ಟೆಂಪೊದಲ್ಲಿ ಹಿಂದಿರುಗುವಾಗ ತಾರಾನಾಥರು ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ. ಹುಲಿಗೆವ್ವ ಅಳಲಿಲ್ಲ. ತನ್ವಿ ಅತ್ತಳು.

ಇನ್ನೊಂದು ಬಾಗಿಲು ತೆರೆದದ್ದು ಯಾರೂ ನೆನೆಸದ ಕಡೆಯಿಂದ. ಲಾರಿ ಬರುವುದಕ್ಕೆ ಒಂದು ದಿನ ಇರುವಾಗ, ಭಾನುವಾರ ಮಧ್ಯಾಹ್ನ, ಅಪ್ಪಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ಬಂದಳು. ಜೊತೆಗೆ ಬೇಬಿ, ಹಿಂದಿನಿಂದ ತಾರಾನಾಥರು. ಕಟ್ಟಡ ಕಾರ್ಮಿಕರ ಸಂಘದ ಕೆಲಸಕ್ಕೆಂದು ಹೋಗಿದ್ದ ನಾನೂ ನನ್ನ ಜೊತೆಯವರೊಬ್ಬರೂ ಅಲ್ಲಿದ್ದೆವು. ಗುರಲಿಂಗಪ್ಪನ ಮನೆಯವರು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ಹೊಸ ಮಂದಿ ಬಂದದ್ದು ಕಂಡು ಅಕ್ಕಪಕ್ಕದ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಮೂವತ್ತು ಜನವಾದರೂ ಇದ್ದಿರಬೇಕು.

‘ಹುಡುಗಿ ನಮ್ಮಲ್ಲಿ ಇರಲಿ’ ಎಂದಳು ಅಪ್ಪಿಯಕ್ಕ. ‘ಹತ್ತನೇ ಮುಗಿಯುವವರೆಗೆ. ಬೇಬಿಗೆ ಹಾಕುವ ಗಂಜಿಯಲ್ಲಿ ಎರಡು ಸೌಟು ಇವಳಿಗೂ ಹಾಕಿದ್ರಾಯ್ತು. ನಾವು ಹೆಂಗಸರೇ ಇರುದು, ಹೆದರಿಕೆ ಎಂತದ್ದೂ ಇಲ್ಲ.’

ಗುರಲಿಂಗಪ್ಪ ಬಹಳ ಹೊತ್ತು ಅಪ್ಪಿಯಕ್ಕನನ್ನು ನೋಡಿದ. ಪರವೂರಿನ ಹೆಂಗಸು, ಬೇರೆ ಭಾಷೆ, ಬೇರೆ ಜಾತಿ. ಇಷ್ಟು ವರ್ಷದಲ್ಲಿ ಈ ಊರಿನ ಯಾರೂ ಅವನಿಗೆ ಇಂಥ ಮಾತು ಹೇಳಿರಲಿಲ್ಲ. ಅವನ ಕಣ್ಣು ತುಂಬಿತು, ಹೆಗಲ ಟವೆಲಿನಿಂದ ಒರೆಸಿಕೊಂಡ.

‘ಯವ್ವಾ, ನೀ ದೊಡ್ಡಾಕಿ. ನನ್ನದೇನೂ ತಕರಾರ ಇಲ್ಲ. ಆದ್ರ ನಾ ಬಿಟ್ಟ ಹೋದೆ ಅಂತ ನಾಳೆ ಆಕಿ ಅನ್ನಬಾರ್ದು. ಆಕಿನ ಬಾಯಿಲೆ ಹೇಳ್ಲಿ. ಇರ್ತೀನಿ ಅಂದ್ರ ಬಿಟ್ಟ ಹೋಗ್ತೀನಿ.’ ಮಗಳ ಕಡೆ ತಿರುಗಿದ. ‘ಹೇಳ ತಂಗೀ. ಇರ್ತೀಯೇನು?’

ಅವನು ಕೇಳಿದ್ದು ನ್ಯಾಯವಾಗಿತ್ತು. ಮಗಳ ಮನಸ್ಸು ಕೇಳುವ ಅಪ್ಪಂದಿರು ಎಷ್ಟು ಜನರಿದ್ದಾರೆ? ಆದರೆ ಮೂವತ್ತು ಜನರ ನಡುವೆ ನಿಲ್ಲಿಸಿ ಕೇಳಿದ.

ಹುಲಿಗೆವ್ವ ಗೋಣಿಯ ಬಾಯಿ ಕಟ್ಟುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಎದ್ದು ನಿಂತಳು. ಕುತ್ತಿಗೆಯ ನರ ಉಬ್ಬಿತು, ಇಳಿಯಿತು. ಸುತ್ತ ನಿಂತವರಲ್ಲಿ ಯಾರೋ ‘ಹೇಳ, ನಾಚಿಕಿ ಯಾಕ’ ಎಂದರು. ಇನ್ನೊಬ್ಬಳು, ‘ಅವ್ವನ್ನ ಬಿಟ್ಟ ಹೆಂಗಿರ್ತಾಳ ಕೂಸು’ ಎಂದಳು. ತಾರಾನಾಥರು ‘ಹೇಳು ಮಗಾ, ಒಂದು ಶಬ್ದ’ ಎಂದು ಎರಡು ಹೆಜ್ಜೆ ಮುಂದೆ ಬಂದವರು, ಏನೋ ನೆನಪಾದಂತೆ ಹಿಂದೆ ಸರಿದರು. ಬೇಬಿ ಬಾಯಿ ತೆರೆದಳು. ಅಪ್ಪಿಯಕ್ಕ ಅವಳ ಕೈ ಚಿವುಟಿದಳು. ‘ನೀನಲ್ಲ. ಅವಳು ಹೇಳ್ಬೇಕು.’

ಎಷ್ಟು ಹೊತ್ತು ಕಾದೆವೋ. ನಾವಿಬ್ಬರೂ ಕಾದೆವು.

‘ನೋಡ್ರಿ, ಆಕೀಗಿ ಮನಸಿಲ್ಲ’ ಎಂದ ಗುರಲಿಂಗಪ್ಪ. ಅವನ ಸ್ವರದಲ್ಲಿ ಸ್ವಲ್ಪ ಸಮಾಧಾನವೂ ಇತ್ತು, ಮಗಳು ತನ್ನನ್ನು ಬಿಟ್ಟಿರಲಾರಳು ಎಂಬ ಸಮಾಧಾನ. ‘ತಪ್ಪ ತಿಳ್ಕೋಬ್ಯಾಡವ್ವಾ.’

ಅಪ್ಪಿಯಕ್ಕ ‘ಆಯ್ತಪ್ಪ, ಒತ್ತಾಯ ಮಾಡುದು ಬೇಡ’ ಎಂದು ಹೊರಟಳು. ಒಳ್ಳೆಯವರೆಲ್ಲ ಸೇರಿ ಆ ಹುಡುಗಿಯನ್ನು ಮರುದಿನ ಲಾರಿ ಹತ್ತಿಸಿದೆವು.

ಆಮೇಲಿನದ್ದು ಎಲ್ಲರ ಕತೆಯಂತೆಯೇ. ಗೋವಾದಲ್ಲಿ ಎರಡು ವರ್ಷ ಪುಟ್ಟಿ ಹೊತ್ತಳು. ಹದಿನಾರಕ್ಕೆ ಕುಷ್ಟಗಿಯಲ್ಲಿ ರಾಮಲಿಂಗ ಎಂಬ ಸೆಂಟ್ರಿಂಗ್ ಕೆಲಸದವನೊಂದಿಗೆ ಮದುವೆ. ಎರಡು ಮಕ್ಕಳು. ಗುರಲಿಂಗಪ್ಪ ಪಣಜಿಯ ಹತ್ತಿರ ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಊರು ಸೇರಿದ. ಬೇಬಿ ಪಿಯುಸಿವರೆಗೆ ಆಡಿದಳು, ಬಳಿಕ ಉಡುಪಿಯಲ್ಲಿ ಟೈಲರ್ ಅಂಗಡಿಯಲ್ಲಿ ಕೂತಳು.

ಎರಡು ಸಾವಿರದ ಒಂಬತ್ತರಲ್ಲಿ ಇಂದ್ರಾಳಿಯ ಬಸ್‌ಸ್ಟಾಪಿನಲ್ಲಿ ಬೇಬಿಗೆ ಅವಳು ಸಿಕ್ಕಳು. ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಬುತ್ತಿ, ಪಾದದ ತುಂಬ ಸಿಮೆಂಟು. ಗಂಡನ ಗ್ಯಾಂಗು ಅಲ್ಲೇ ಹತ್ತಿರದಲ್ಲಿ ಕೆಲಸಕ್ಕೆ ಬಂದಿತ್ತು. ಬೇಬಿ ಗುರುತು ಹಿಡಿದು ಕೈ ಹಿಡಿದಳು. ಈಗ ಹುಲಿಗೆವ್ವ ಮಾತಾಡುತ್ತಿದ್ದಳಂತೆ, ಮೆಲ್ಲಗೆ, ಮಗುವಿನ ತಲೆ ನೋಡುತ್ತ.

ಬೇಬಿಗೆ ಏಳು ವರ್ಷ ಹೊಟ್ಟೆಯಲ್ಲಿದ್ದ ಪ್ರಶ್ನೆ ಒಂದೇ. ‘ಆ ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ? ನಿನಗೆ ನಮ್ಮಲ್ಲಿ ಇರ್ಲಿಕ್ಕೆ ಮನಸ್ಸು ಇರ್ಲಿಲ್ವಾ?’

‘ಇತ್ತಲ್ಲ. ನಿಮ್ಮವ್ವ ಬರ್ತಾಳಂತ ನೀ ಮುಂಚೆ ಹೇಳಿದ್ದಿ, ಚೀಲದಾಗ ನನ್ನ ಲಂಗಾ-ಅರಿವಿ ಹಾಕಿದ್ದಿಲ್ಲ ನಾನು. ಬ್ಯಾರೆ ಇಟ್ಟಿದ್ದೆ, ನಿಮ್ಮ ಮನೀಗೆ ಬರಾಕ.’

‘ಮತ್ತೆ?’

‘ಎಲ್ಲಾರೂ ನೋಡಾಕತ್ತಿದ್ರು.’ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ‘ಯಾರರ ಸುಮ್ನ ಕೈ ಹಿಡದು ಎಳಕೊಂಡ ಹೋಗ್ತಾರ ಅನಕೊಂಡಿದ್ದೆ.’

‘ನಾನು ನೀನು ಹೇಳ್ತಿ ಅಂತ ಕಾದೆ.’

‘ಹೂಂ’ ಎಂದಳು ಹುಲಿಗೆವ್ವ. ‘ಎಲ್ಲಾರೂ ಅದನ್ನ ಕಾದ್ರು.’

ಬೇಬಿಯ ಬಸ್ಸು ಬಂತು. ಹತ್ತದೆ ನಿಂತಳು. ಹುಲಿಗೆವ್ವನಿಗೆ ಹೊತ್ತಾಗಿತ್ತು, ಸೈಟಿನಲ್ಲಿ ಸ್ಲ್ಯಾಬು ಹಾಕುವ ದಿನ. ಬರ್ತೀನಿ ಎಂದು ರಸ್ತೆ ದಾಟಿ ಹೋದಳು.